ಹಿಮ್ಮಡಿಯ ರಕ್ತ ಪರೀಕ್ಷೆ: ವರದಿ ನಿಮ್ಮ ಕೂಸನ್ನು ತಲುಪಬೇಕಾದರೆ

ಕುಷ್ಟಗಿಯ ಸೊಸೆ ಚೊಚ್ಚಲ ಹೆರಿಗೆಗೆ ಇಳಕಲ್ಲಿನ ತವರಿಗೆ ಹೋಗುತ್ತಾಳೆ. ಬಸುರಿಯ ತಪಾಸಣೆ ಗಂಡನೂರಿನ ಆರೋಗ್ಯ ಕೇಂದ್ರದಲ್ಲಿ ಆಗಿರುತ್ತದೆ, ಸ್ಕ್ಯಾನಿಂಗ್ ಕೊಪ್ಪಳದಲ್ಲಿ, ಹೆರಿಗೆ ಬಾಗಲಕೋಟೆ ಜಿಲ್ಲೆಯಲ್ಲಿ. ಕೂಸಿಗೆ ಐದು ತಿಂಗಳಾದ ಮೇಲೆ ಬಾಣಂತಿ ಗಂಡನ ಮನೆಗೆ ಮರಳುತ್ತಾಳೆ. ಮಳೆ ಕೈಕೊಟ್ಟ ವರ್ಷವಾದರೆ ಮನೆಮಂದಿ ಗೋವಾಕ್ಕೋ ಬೆಂಗಳೂರಿಗೋ ಗುಳೆ ಹೊರಡುತ್ತಾರೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಎಷ್ಟೋ ಮಕ್ಕಳ ಮೊದಲ ವರ್ಷ ಹೀಗೇ ಕಳೆಯುತ್ತದೆ. ಇದರಲ್ಲಿ ಯಾರ ತಪ್ಪೂ ಇಲ್ಲ. ಆದರೆ ಕೂಸು ಹೋದಲ್ಲೆಲ್ಲ ಅದರ ಆರೋಗ್ಯದ ದಾಖಲೆ ಹೋಗುವುದಿಲ್ಲ. ನವಜಾತ ಶಿಶುವಿನ ತಪಾಸಣೆಯಲ್ಲಿ ಇದು ದೊಡ್ಡ ತೊಡಕು, ಯಾಕೆಂದರೆ ಅಲ್ಲಿ ನಮ್ಮ ಕೈಯಲ್ಲಿರುವುದು ಕೆಲವೇ ದಿನಗಳು.

ನೋಡಲು ಚೆನ್ನಾಗಿಯೇ ಇರುವ ಕೂಸಿನೊಳಗೆ ಅಡಗಿರಬಹುದಾದ ಕೆಲವು ಕಾಯಿಲೆಗಳನ್ನು ಲಕ್ಷಣ ಕಾಣುವ ಮೊದಲೇ ಹುಡುಕುವುದು ಈ ತಪಾಸಣೆಯ ಕೆಲಸ. ಅವುಗಳಲ್ಲಿ ಪ್ರತಿಯೊಬ್ಬ ತಂದೆತಾಯಿ ತಿಳಿದಿರಬೇಕಾದದ್ದು ಹುಟ್ಟಿನಿಂದಲೇ ಬರುವ ಥೈರಾಯ್ಡ್ ಕೊರತೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ದೇಶದ ಐದು ಕೇಂದ್ರಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಕೂಸುಗಳನ್ನು ಪರೀಕ್ಷಿಸಿದಾಗ ಸುಮಾರು 1,130 ಕೂಸುಗಳಲ್ಲಿ ಒಂದಕ್ಕೆ ಈ ಕೊರತೆ ಕಂಡುಬಂತು. ಇಂಥ ಕೂಸು ಅಳುವುದು ಕಡಿಮೆ, ಮಲಗುವುದು ಜಾಸ್ತಿ. "ಭಾಳ ಶಾಣೇ ಕೂಸು, ಅಳೂದೇ ಇಲ್ಲ" ಎಂದು ಅಜ್ಜಿ ಮೆಚ್ಚಿಕೊಳ್ಳುತ್ತಾಳೆ. ಎರಡು ವಾರ ಕಳೆದರೂ ಇಳಿಯದ ಕಾಮಾಲೆ, ಮಲಬದ್ಧತೆ, ಉಬ್ಬಿದ ಹೊಕ್ಕುಳು, ಗೊಗ್ಗರು ದನಿ ಇವೆಲ್ಲ ನಿಧಾನವಾಗಿ ಕಾಣಿಸಿಕೊಳ್ಳುತ್ತವೆ. ಅಷ್ಟರಲ್ಲಿ ಮಿದುಳು ಬೆಳೆಯಲು ಬೇಕಾದ ಹಾರ್ಮೋನು ಸಿಗದೆ ವಾರಗಳು ಕಳೆದಿರುತ್ತವೆ. ಹುಟ್ಟಿದ ಎರಡು ವಾರದೊಳಗೆ ಥೈರಾಕ್ಸಿನ್ ಗುಳಿಗೆ ಶುರುವಾದರೆ ಮಗು ಸಾಮಾನ್ಯವಾಗಿ ಓರಗೆಯ ಮಕ್ಕಳಂತೆಯೇ ಬೆಳೆಯುತ್ತದೆ. ಅದು ಅಗ್ಗದ ಗುಳಿಗೆ, ದಿನಕ್ಕೊಮ್ಮೆ ಪುಡಿಮಾಡಿ ಸ್ವಲ್ಪ ಎದೆಹಾಲಿನಲ್ಲಿ ಕಲಸಿ ಕೊಡುವಂಥದ್ದು. ತಿಂಗಳುಗಟ್ಟಲೆ ತಡವಾದರೆ ಬುದ್ಧಿ ಬೆಳವಣಿಗೆಗೆ ಆದ ನಷ್ಟವನ್ನು ಯಾವ ಔಷಧವೂ ಪೂರ್ತಿ ತುಂಬಿಕೊಡಲಾರದು.

ಪರೀಕ್ಷೆ ಸರಳ. ಹಿಮ್ಮಡಿಯ ಅಂಚಿಗೆ ಸಣ್ಣದಾಗಿ ಚುಚ್ಚಿ, ಕೆಲವು ಹನಿ ರಕ್ತವನ್ನು ವಿಶೇಷ ಕಾಗದದ ಮೇಲೆ ಇಳಿಸಿ, ಒಣಗಿಸಿ ಲ್ಯಾಬಿಗೆ ಕಳಿಸುತ್ತಾರೆ. ಅಮೆರಿಕದ ರಾಬರ್ಟ್ ಗಥ್ರಿ 1960ರ ದಶಕದ ಆರಂಭದಲ್ಲಿ ಬಳಕೆಗೆ ತಂದ ವಿಧಾನ ಇದು. ಕರ್ನಾಟಕಕ್ಕೂ ಹೊಸದಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್, ಎ. ರಾಧಾ ರಮಾ ದೇವಿ ಮತ್ತು ಸಂಗಡಿಗರು ರಾಜ್ಯದ 1,12,269 ನವಜಾತ ಶಿಶುಗಳ ರಕ್ತ ಪರೀಕ್ಷಿಸಿ 1988ರಲ್ಲಿ ವರದಿ ಪ್ರಕಟಿಸಿದ್ದರು. ಗೋವಾ ಸರ್ಕಾರ 2008ರಲ್ಲಿ ತನ್ನ ಆಸ್ಪತ್ರೆಗಳಲ್ಲಿ ಇದನ್ನು ಆರಂಭಿಸಿತು, ಆಮೇಲೆ ಕೇರಳವೂ ಆ ದಾರಿ ಹಿಡಿಯಿತು. ಆದರೆ ದೇಶದ ಪ್ರತಿ ಕೂಸಿಗೂ ಕಡ್ಡಾಯವಾಗಿ ಈ ಪರೀಕ್ಷೆ ಆಗಬೇಕೆಂಬ ವ್ಯವಸ್ಥೆ ಇನ್ನೂ ಬಂದಿಲ್ಲ. ಬರಲೇಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ. ಅಲ್ಲಿಯವರೆಗೆ, ಹೆರಿಗೆಗೆ ದಾಖಲಾಗುವಾಗಲೇ ಡಾಕ್ಟರನ್ನೋ ಸಿಸ್ಟರನ್ನೋ ಕೇಳಿ: ಹಿಮ್ಮಡಿ ರಕ್ತ ಪರೀಕ್ಷೆ ಇಲ್ಲಿ ಮಾಡುತ್ತೀರಾ, ಇಲ್ಲವಾದರೆ ಎಲ್ಲಿಗೆ ಹೋಗಬೇಕು, ಥೈರಾಯ್ಡ್ ಒಂದನ್ನಾದರೂ ನೋಡಬಹುದೇ?

ರಕ್ತ ತೆಗೆಯುವ ಸಮಯ ಮುಖ್ಯ. ಹುಟ್ಟಿದ ಮೊದಲ ದಿನ ಎಲ್ಲ ಕೂಸುಗಳಲ್ಲೂ ಥೈರಾಯ್ಡ್ ಪರೀಕ್ಷೆಯಲ್ಲಿ ಅಳೆಯುವ ಟಿಎಸ್ಎಚ್ ತಾನಾಗಿ ಏರಿ ಆಮೇಲೆ ಇಳಿಯುತ್ತದೆ. ಅದಕ್ಕೇ 48ರಿಂದ 72 ತಾಸಿನ ನಡುವೆ ಹಿಮ್ಮಡಿಯ ರಕ್ತ ತೆಗೆಯುವುದು ಒಳ್ಳೆಯದು. ದಿನ ತುಂಬುವ ಮೊದಲೇ ಹುಟ್ಟಿದ ಕೂಸಿನಲ್ಲಿ ಅದೇ ರಕ್ತದಿಂದ ಮಾಡುವ ಅಡ್ರಿನಲ್ ಗ್ರಂಥಿಯ ಪರೀಕ್ಷೆ, ಕಾಯಿಲೆ ಇಲ್ಲದಿದ್ದರೂ, ಹೆಚ್ಚಿನ ಅಂಕಿ ತೋರಿಸುವುದುಂಟು. ಕೂಸಿಗೆ ರಕ್ತ ಕೊಟ್ಟಿದ್ದರೆ ಕೆಲವು ಪರೀಕ್ಷೆಗಳಲ್ಲಿ ಕಾಣುವುದು ದಾನಿಯ ರಕ್ತದ ಗುಣ. ಹೀಗಾಗಿ ಲ್ಯಾಬಿನವರಿಗೆ ರಕ್ತದ ಹನಿಯಷ್ಟೇ ಸಾಲದು. ಹುಟ್ಟಿದ ತಾಸು, ರಕ್ತ ತೆಗೆದ ತಾಸು, ತೂಕ, ಎಷ್ಟನೇ ವಾರಕ್ಕೆ ಹೆರಿಗೆಯಾಯಿತು, ರಕ್ತ ಕೊಟ್ಟಿದ್ದಾರೆಯೇ ಎಂಬುದೂ ಗೊತ್ತಿರಬೇಕು. ಇವೆಲ್ಲ ಹೆರಿಗೆ ವಾರ್ಡಿನ ದಾಖಲೆಯಲ್ಲಿರುತ್ತವೆ. ಎರಡೂ ಕಡೆಯವರು ನೋಡಬಲ್ಲ ಒಂದೇ ಕಂಪ್ಯೂಟರ್ ದಾಖಲೆ ಇದ್ದರೆ ಅನವಶ್ಯಕ ಗಾಬರಿ ಕಡಿಮೆಯಾಗುತ್ತದೆ, ಕಾಯಿಲೆ ಕಣ್ತಪ್ಪುವುದೂ ಕಡಿಮೆಯಾಗುತ್ತದೆ.

ಇನ್ನು ಹೆಸರಿನ ಮಾತು. ಆಸ್ಪತ್ರೆಯಲ್ಲಿ ಕೂಸಿಗೆ ಹೆಸರಿರುವುದಿಲ್ಲ, "ಬೇಬಿ ಆಫ್" ಎಂದು ಬರೆದು ತಾಯಿಯ ಹೆಸರು ಸೇರಿಸುತ್ತಾರೆ. ಹುಲಿಗೆಮ್ಮನ ಕ್ಷೇತ್ರವಿರುವ ನಮ್ಮ ಜಿಲ್ಲೆಯಲ್ಲಿ ಒಂದೇ ವಾರ್ಡಿನಲ್ಲಿ ಇಬ್ಬರು ಹುಲಿಗೆಮ್ಮ ಇರುವುದು ಅಚ್ಚರಿಯಲ್ಲ. ಆಧಾರಿನಲ್ಲಿ ತಾಯಿಯ ಹೆಸರಿನ ಮುಂದೆ ತಂದೆಯ ಹೆಸರು, ತಾಯಿ ಕಾರ್ಡಿನಲ್ಲಿ ಗಂಡನ ಹೆಸರು. ತೊಟ್ಟಿಲಲ್ಲಿ ಹಾಕಿದ ದಿನ ಕೂಸಿಗೊಂದು ಹೆಸರು, ಅಂಗನವಾಡಿ ಪುಸ್ತಕದಲ್ಲಿ ಕರೆಯುವ ಹೆಸರು. ನಂಬರುಗಳೂ ಹಾಗೆಯೇ: ತಾಯಿ ಕಾರ್ಡಿನ ಆರ್‌ಸಿಎಚ್ ನಂಬರು ಒಂದು, ಆಸ್ಪತ್ರೆಯ ಒಳರೋಗಿ ನಂಬರು ಒಂದು, ಕೂಸನ್ನು ನವಜಾತ ಶಿಶುಗಳ ವಿಶೇಷ ಘಟಕಕ್ಕೆ ಸೇರಿಸಿದರೆ ಅಲ್ಲಿನದೊಂದು, ಜನನ ನೋಂದಣಿಯ ಇ-ಜನ್ಮದ್ದೊಂದು, ಲಸಿಕೆಯ ಯು-ವಿನ್‌ನದ್ದೊಂದು. ಒಂದು ಕೂಸಿನ ಸಂಗತಿ ಐದು ಕಡೆ ಚದುರಿರುತ್ತದೆ. ರಕ್ತದ ವರದಿ ಬರುವ ಹೊತ್ತಿಗೆ ತಾಯಿ ಮನೆಗೆ ಹೋಗಿರುತ್ತಾಳೆ. ಲ್ಯಾಬಿನವರು ಫೋನ್ ಮಾಡಿದರೆ ಆ ನಂಬರು ತಾಯಿಯ ಅಣ್ಣನದು, ಅವನೋ ಮಂಗಳೂರಿನಲ್ಲಿ ಕೆಲಸದಲ್ಲಿರುತ್ತಾನೆ. ಕಾಯಿಲೆ ಪತ್ತೆಯಾಗಿಯೂ ಮಗುವಿಗೆ ಗುಳಿಗೆ ಸಿಗದೆ ಹೋಗುವುದು ಇಂಥ ಜಾಗದಲ್ಲಿ.

ದಾಖಲೆಗಳನ್ನು ಒಂದಕ್ಕೊಂದು ಜೋಡಿಸುವ ಪ್ರಯತ್ನ ನಡೆದಿದೆ. 2021ರ ಸೆಪ್ಟೆಂಬರ್ 27ರಂದು ಆರಂಭವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ 14 ಅಂಕಿಯ ಆಭಾ ಸಂಖ್ಯೆ ಕೊಡುತ್ತದೆ. ಆ ಸಂಖ್ಯೆಗೆ ಜೋಡಿಸಿದ ವರದಿಗಳನ್ನು ನಿಮ್ಮ ಒಪ್ಪಿಗೆಯ ಮೇಲೆ ಬೇರೆ ಊರಿನ ಡಾಕ್ಟರೂ ನೋಡಬಹುದು. ಯು-ವಿನ್‌ನಲ್ಲಿ ತವರೂರಿನಲ್ಲಿ ಹಾಕಿಸಿದ ಲಸಿಕೆ ಗಂಡನೂರಿನಲ್ಲೂ ಕಾಣುತ್ತದೆ. ಆದರೆ ಅದು ಲಸಿಕೆಯ ದಾಖಲೆ. ಹಿಮ್ಮಡಿ ರಕ್ತದ ವರದಿಯೂ ಅಷ್ಟೇ ಸಲೀಸಾಗಿ ಕೂಸಿನ ಹಿಂದೆ ಬರುವಂತಾಗಬೇಕು. ಸಣ್ಣ ಕೂಸನ್ನು ಆಸ್ಪತ್ರೆಯಿಂದ ಮನೆಯವರೆಗೆ ಹಿಂಬಾಲಿಸಿ ನೋಡಿಕೊಳ್ಳುವುದು ನಮ್ಮ ಜಿಲ್ಲೆಗೆ ಆಗದ ಕೆಲಸವಲ್ಲ. 2 ಕೆ.ಜಿ.ಗಿಂತ ಕಡಿಮೆ ತೂಕದ ಕೂಸುಗಳಿಗೆ ಎದೆಗಪ್ಪಿಸಿ ಬೆಚ್ಚಗಿಡುವ ಕಾಂಗರೂ ಆರೈಕೆ ಕೊಡುವುದನ್ನು ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆ, ಸ್ವಯಂಸೇವಾ ಸಂಸ್ಥೆಯಾದ ಕೆಎಚ್‌ಪಿಟಿ ಮತ್ತು ಆರೋಗ್ಯ ಇಲಾಖೆ ಸೇರಿ ಜಿಲ್ಲೆಯಾದ್ಯಂತ ಮಾಡಿ ತೋರಿಸಿದ್ದು ಇದೇ ಕೊಪ್ಪಳದಲ್ಲಿ.

"ನಮ್ಮ ಕೂಸಿನ ಕಾಯಿಲೆ ಊರಿಗೆಲ್ಲ ಗೊತ್ತಾದರೆ?" ಎಂದು ಕೇಳುವ ಪೋಷಕರ ಆತಂಕ ನ್ಯಾಯವಾದದ್ದು. ಆಭಾಗೆ ಜೋಡಿಸಿದ ಯಾವ ದಾಖಲೆಯನ್ನು, ಯಾರಿಗೆ, ಎಷ್ಟು ದಿನಕ್ಕೆ ತೋರಿಸಬೇಕೆಂದು ನಿರ್ಧರಿಸುವವರು ನೀವು, ಕೊಟ್ಟ ಒಪ್ಪಿಗೆಯನ್ನು ಹಿಂಪಡೆಯಲೂಬಹುದು. ಫೋನಿಗೆ ಬರುವ ಒಟಿಪಿಯನ್ನು ಎದುರಿಗಿರುವ ಆಸ್ಪತ್ರೆಯ ಸಿಬ್ಬಂದಿಗೆ, ಯಾತಕ್ಕೆಂದು ಕೇಳಿದ ಮೇಲಷ್ಟೇ ಹೇಳಿ. ಫೋನ್ ಮಾಡಿ ಕೇಳಿದವರಿಗೆ ಹೇಳಬೇಡಿ.

ನಿಮ್ಮಿಂದ ಆಗಬೇಕಾದದ್ದು ಹೆಚ್ಚಿಲ್ಲ. ತವರಿಗೆ ಹೊರಟಾಗ ತಾಯಿ ಕಾರ್ಡು ಕೈಚೀಲದಲ್ಲಿರಲಿ, ತವರಿನಲ್ಲಿ ಹೊಸ ಕಾರ್ಡು ಮಾಡಿಸುವ ಬದಲು ಹಳೆಯ ಆರ್‌ಸಿಎಚ್ ನಂಬರನ್ನೇ ತೋರಿಸಿ. ಎರಡು ಫೋನ್ ನಂಬರು ಬರೆಸಿ, ಅದರಲ್ಲೊಂದು ಬಾಣಂತಿಯ ಜೊತೆಗಿರುವವರದಾಗಿರಲಿ. ರಕ್ತ ತೆಗೆದ ಕಾಗದದ ಸಂಖ್ಯೆಯನ್ನು ಡಿಸ್ಚಾರ್ಜ್ ಚೀಟಿಯಲ್ಲಿ ಬರೆಸಿಕೊಂಡು ಫೋಟೋ ತೆಗೆದಿಟ್ಟುಕೊಳ್ಳಿ. ವರದಿ ಎಂದು ಬರುತ್ತದೆ ಎಂದು ಕೇಳಿ, ಆ ದಿನ ಕಳೆದರೂ ಕರೆ ಬಾರದಿದ್ದರೆ ನೀವೇ ವಿಚಾರಿಸಿ. ಕರೆ ಬರಲಿಲ್ಲವೆಂದ ಮಾತ್ರಕ್ಕೆ ಎಲ್ಲ ಸರಿಯಿದೆ ಎಂದಲ್ಲ. ಆಸ್ಪತ್ರೆಯಲ್ಲಿ ಹೆರಿಗೆಯಾದ ಕೂಸನ್ನು ನೋಡಲು ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬರುತ್ತಾಳೆ. ಏಳನೇ ದಿನದ ಭೇಟಿಯಲ್ಲಿ "ರಕ್ತದ ವರದಿ ಬಂತೇನವ್ವಾ?" ಎಂದು ಅವಳಿಗೇ ಕೇಳಿ, ತವರಿನ ಆಶಾ ಗಂಡನೂರಿನ ಆಶಾಗೆ ಫೋನ್ ಮಾಡಿ ತಿಳಿಸಿದರೆ ಇನ್ನೂ ಒಳ್ಳೆಯದು. ರಕ್ತ ಪರೀಕ್ಷೆಯ ಜೊತೆಗೆ, ಡಿಸ್ಚಾರ್ಜಿಗೆ ಮೊದಲು ಬಲಗೈಗೂ ಒಂದು ಪಾದಕ್ಕೂ ಪಲ್ಸ್ ಆಕ್ಸಿಮೀಟರ್ ಹಚ್ಚಿ ಹೃದಯದ ತಪಾಸಣೆ ಮಾಡಿಸಿ. ಕಿವಿಯ ತಪಾಸಣೆ ಒಂದು ತಿಂಗಳೊಳಗೆ ಆಗಬೇಕು. ದೋಷವಿದ್ದರೆ ಮೂರು ತಿಂಗಳೊಳಗೆ ಖಚಿತವಾಗಿ, ಆರು ತಿಂಗಳೊಳಗೆ ಚಿಕಿತ್ಸೆ ಶುರುವಾದರೆ ಮಗುವಿಗೆ ಮಾತು ಚೆನ್ನಾಗಿ ಬರುತ್ತದೆ. ಹುಟ್ಟಿನ ದೋಷಗಳ ಮುಂದಿನ ಚಿಕಿತ್ಸೆಗೆ 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವಿದೆ.

ಇನ್ನೊಂದು ಸಲ ರಕ್ತ ಕೊಡಬೇಕೆಂದು ಕರೆ ಬಂದರೆ ಎದೆಗುಂದಬೇಡಿ. ಮೊದಲ ಪರೀಕ್ಷೆ ಅನುಮಾನವನ್ನಷ್ಟೇ ತೋರಿಸುತ್ತದೆ. ಹಾಗೆ ಮರಳಿ ಕರೆಸಿಕೊಂಡ ಕೂಸುಗಳಲ್ಲಿ ಹೆಚ್ಚಿನವು ಎರಡನೇ ಪರೀಕ್ಷೆಯಲ್ಲಿ ಆರೋಗ್ಯವಾಗಿಯೇ ಇರುತ್ತವೆ. ಆದರೆ ಹೊಲದ ಕೆಲಸ ಮುಗಿಯಲಿ, ಅಮಾವಾಸ್ಯೆ ಕಳೆಯಲಿ ಎಂದು ಮುಂದೂಡಬೇಡಿ. ಅಡ್ರಿನಲ್ ಕಾಯಿಲೆ ಇದ್ದರೆ ಎರಡನೇ ವಾರದ ಹೊತ್ತಿಗೇ ವಾಂತಿ, ನಿತ್ರಾಣ ಶುರುವಾಗಿ ಮೈಯ ಉಪ್ಪಿನಂಶ ಕುಸಿದು ಜೀವಕ್ಕೆ ಅಪಾಯವಾಗಬಹುದು. ಜಿ6ಪಿಡಿ ಎಂಬ ಕಿಣ್ವದ ಕೊರತೆ ಖಚಿತವಾದರೆ ಆ ವಿಷಯ ಪ್ರತಿ ಚೀಟಿಯಲ್ಲೂ ಇರಬೇಕು, ಏಕೆಂದರೆ ಮಲೇರಿಯಾದ ಕೆಲವು ಗುಳಿಗೆಗಳು ಆ ಮಗುವಿಗೆ ಆಗುವುದಿಲ್ಲ. ಟ್ರಂಕಿನಲ್ಲಿ ಡಾಂಬರ್ ಗುಳಿಗೆ ಹಾಕಿಟ್ಟ ಬಟ್ಟೆಯಲ್ಲಿ ಅಂಥ ಕೂಸನ್ನು ಸುತ್ತಿದರೂ ರಕ್ತಕಣ ಒಡೆದು ಕಾಮಾಲೆ ಏರಬಹುದು.

ಕಾಯಿಲೆ ಖಚಿತವಾದಾಗ ಮನೆಯಲ್ಲಿ ಬೆರಳು ತೋರಿಸುವುದು ಹಡೆದವಳ ಕಡೆಗೆ. ಇದು ಅನ್ಯಾಯ. ಅಡ್ರಿನಲ್ ಕಾಯಿಲೆಯಂಥವು ಬರುವುದು ತಂದೆ ತಾಯಿ ಇಬ್ಬರಿಂದಲೂ ಒಂದೊಂದು ದೋಷದ ಜೀನ್ ಸೇರಿದಾಗ. ಸೋದರಮಾವನಿಗೆ, ಸೋದರತ್ತೆಯ ಮಗನಿಗೆ ಹೆಣ್ಣು ಕೊಡುವ ಸಂಬಂಧಗಳಲ್ಲಿ ಹಾಗೆ ಸೇರುವ ಸಂಭವ ಹೆಚ್ಚು. ಅಪ್ಪಾಜಿ ರಾವ್ ಅವರ ತಂಡದ ಸಮೀಕ್ಷೆಯಲ್ಲಿ ಸುಮಾರು ಮೂರರಲ್ಲಿ ಒಂದು ಮದುವೆ ರಕ್ತಸಂಬಂಧದಲ್ಲೇ ಆಗಿತ್ತು. ಇಂಥ ಕಾಯಿಲೆ ಮೊದಲ ಮಗುವಿಗಿದ್ದರೆ ಪ್ರತಿ ಮುಂದಿನ ಬಸಿರಿನಲ್ಲೂ ನಾಲ್ಕರಲ್ಲೊಂದು ಪಾಲು ಅದೇ ಬರುವ ಸಾಧ್ಯತೆ ಇದೆ. ಆದ್ದರಿಂದ ಮುಂದಿನ ಸಲ ಬಸುರಿಯ ಮೊದಲ ತಪಾಸಣೆಗೇ ಮೊದಲ ಮಗುವಿನ ವರದಿ ಒಯ್ಯಿರಿ, ತಾಯಿ ಕಾರ್ಡಿನಲ್ಲಿ ಅದನ್ನು ಬರೆಸಿ, ಹೆರಿಗೆ ಎಲ್ಲಿ ಮಾಡಿಸಬೇಕೆಂದು ಡಾಕ್ಟರ ಜೊತೆ ಆಗಲೇ ಮಾತಾಡಿಕೊಳ್ಳಿ.