ಗೂಗಲ್‌ಗೆ ಸಿಗದ ಹಳೆಯ ಕೆಲಸ

ಗಾಂಧಿನಗರದ ಸಂಶೋಧನಾ ವಿದ್ಯಾರ್ಥಿನಿಗೆ,

ರಾಗಿಯ ಬೆಂಕಿ ರೋಗದ ಬಗ್ಗೆ ವಾರಗಟ್ಟಲೆ ಗೂಗಲ್ ಜಾಲಾಡಿದರೂ ಮಾರ್ಗದರ್ಶಕರು ‘ಹಿಂದಿನ ಕೆಲಸವನ್ನೇ ನೋಡಿಲ್ಲ’ ಎಂದರೆಂದು ಬರೆದಿದ್ದೀರಿ. ಕೊರತೆ ನಿಮ್ಮ ಶ್ರದ್ಧೆಯಲ್ಲಿಲ್ಲ, ಹುಡುಕುವ ಜಾಗದಲ್ಲಿದೆ.

ಆ ರೋಗ ತರುವ ಶಿಲೀಂಧ್ರವನ್ನು ಒಬ್ಬರು ಪೈರಿಕ್ಯುಲೇರಿಯಾ ಎಂದು ಬರೆದರೆ ಇನ್ನೊಬ್ಬರು ಮ್ಯಾಗ್ನಪೋರ್ಥೆ ಎನ್ನುತ್ತಾರೆ. ರಾಗಿಯೂ ಕೆಲವೆಡೆ ಫಿಂಗರ್ ಮಿಲೆಟ್, ಕೆಲವೆಡೆ ಎಲ್ಯುಸಿನ್ ಕೊರಕಾನಾ. ಒಂದೇ ಹೆಸರು ಟೈಪ್ ಮಾಡಿದರೆ ಉಳಿದ ಹೆಸರಿನ ಪ್ರಬಂಧಗಳು ಕೈತಪ್ಪುತ್ತವೆ. ಕ್ಯಾಬ್ ಅಬ್‌ಸ್ಟ್ರಾಕ್ಟ್ಸ್‌ನಂಥ ಕೃಷಿ ಸೂಚಿಯಲ್ಲಿ ಪ್ರತಿ ಲೇಖನಕ್ಕೂ ನಿಗದಿತ ವಿಷಯಪದ ಹಚ್ಚಿರುತ್ತಾರೆ; ಅದನ್ನು ಹಿಡಿದರೆ ಚದುರಿದ ಬರಹಗಳು ಒಟ್ಟಿಗೆ ಬರುತ್ತವೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಆಗ್ರಿಸ್ ಉಚಿತ, ಅಲ್ಲಿಂದಲೇ ಶುರು ಮಾಡಿ.

ಕೃಷಿ ವಿಶ್ವವಿದ್ಯಾಲಯಗಳ ಮಹಾಪ್ರಬಂಧಗಳಿಗೆ ಕೃಷಿಕೋಶ ಎಂಬ ಜಾಲ ಸಂಗ್ರಹ ನೋಡಿ. 1932ರಿಂದ ಬೆಂಗಳೂರಿನಿಂದಲೇ ಹೊರಡುತ್ತಿರುವ ‘ಕರೆಂಟ್ ಸೈನ್ಸ್’ನ ಹಳೆಯ ಸಂಚಿಕೆಗಳನ್ನೂ ಬಿಡಬೇಡಿ. ರಾಗಿ ವಿಜ್ಞಾನಿ ಲಕ್ಷ್ಮಣಯ್ಯನವರ ಇಂಡಾಫ್ ರಾಗಿ ತಳಿಗಳ ಕಾಲದ ವರದಿಗಳೆಲ್ಲ ಜಾಲಕ್ಕೆ ಏರಿವೆಯೆಂದು ನಂಬಬೇಡಿ. ಮೆಜೆಸ್ಟಿಕ್‌ನಿಂದ ಬಸ್ ಹತ್ತಿ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದ ಗ್ರಂಥಾಲಯಕ್ಕೆ ಹೋಗಿ, ಗ್ರಂಥಪಾಲಕರ ಪಕ್ಕ ಕೂತು ಕೇಳಿ. ಆ ಒಂದು ಗಂಟೆ ನಿಮ್ಮ ಎಷ್ಟೋ ರಾತ್ರಿಗಳನ್ನು ಉಳಿಸುತ್ತದೆ.

ಗೂಗಲ್ ಸ್ಕಾಲರ್ ಬೇಡವೆನ್ನುತ್ತಿಲ್ಲ. ಒಳ್ಳೆಯ ಲೇಖನವೊಂದು ಸಿಕ್ಕಮೇಲೆ ಅದನ್ನು ಯಾರು ಯಾರು ಉಲ್ಲೇಖಿಸಿದ್ದಾರೆಂದು ಹಿಂಬಾಲಿಸಲು ಅದು ಬಲು ಉಪಯುಕ್ತ. ಹಣ ಕೇಳುವ ಲೇಖನಕ್ಕೆ ಕೈಯಿಂದ ತೆರಬೇಡಿ: 2025ರ ಜನವರಿಯಲ್ಲಿ ಶುರುವಾದ ‘ಒಂದು ರಾಷ್ಟ್ರ, ಒಂದು ಚಂದಾ’ ಎಂಬ ಕೇಂದ್ರ ಸರ್ಕಾರದ ನಿಯತಕಾಲಿಕೆ ಯೋಜನೆಯಲ್ಲಿ ನಿಮ್ಮ ಸಂಸ್ಥೆ ಇದೆಯೇ ಎಂದು ಮೊದಲು ವಿಚಾರಿಸಿ. ಎಲ್ಲಿ, ಯಾವ ಪದದಿಂದ, ಯಾವ ದಿನ ಹುಡುಕಿದಿರೆಂದು ಬರೆದಿಡಿ. ಮಾರ್ಗದರ್ಶಕರ ಮುಂದೆ ಆ ಪುಟವನ್ನೇ ಇಡಬಹುದು.