ಬ್ರಿಟನ್ನಿನಲ್ಲಿ ಎಂ.ಎಸ್‌ಸಿ: ಸೀಟಿಗಿಂತ ಮೊದಲು ದುಡ್ಡಿನ ದಾರಿ

ಜುಲೈ ಬಂತೆಂದರೆ ಅದೇ ಪ್ರಶ್ನೆ: 'ಸರ್, ಸೆಪ್ಟೆಂಬರ್‌ಗೆ ಬ್ರಿಟನ್ನಿನಲ್ಲಿ ಸೀಟು ಸಿಕ್ಕಿದೆ, ಯಾವ ಸ್ಕಾಲರ್‌ಶಿಪ್‌ಗೆ ಅರ್ಜಿ ಹಾಕಲಿ?' ಆ ಹೊತ್ತಿಗೆ ದೊಡ್ಡ ಸ್ಕಾಲರ್‌ಶಿಪ್‌ಗಳ ಬಾಗಿಲು ಮುಚ್ಚಿ ತಿಂಗಳುಗಳೇ ಆಗಿರುತ್ತವೆ. ಸೀಟು ಮೊದಲು, ಫೀಸು ಆಮೇಲೆ ಎಂಬ ನಮ್ಮ ಸಿಇಟಿ ರೂಢಿ ಅಲ್ಲಿ ನಡೆಯುವುದಿಲ್ಲ.

ಹೋಗುವ ವರ್ಷಕ್ಕೆ ಹಿಂದಿನ ಆಗಸ್ಟ್‌ನಲ್ಲೇ ಶುರುಮಾಡಿ. ಬ್ರಿಟಿಷ್ ಸರ್ಕಾರದ ಚೀವ್ನಿಂಗ್ ತೆರೆಯುವುದು ಆಗ. ಅಕ್ಟೋಬರ್ ಆಸುಪಾಸಿನಲ್ಲಿ ಮುಚ್ಚುತ್ತದೆ. ಕೆಲಸದ ಅನುಭವ ಎರಡು ವರ್ಷ, ಅಂದರೆ 2,800 ಗಂಟೆ ಬೇಕು. ಓದು ಮುಗಿದ ಮೇಲೆ ಎರಡು ವರ್ಷ ಸ್ವದೇಶದಲ್ಲಿರಬೇಕು. ಅಲ್ಲೇ ನೆಲೆಯೂರುವ ಮನಸ್ಸಿದ್ದವರು ಇದಕ್ಕೆ ಕೈಹಾಕದಿರುವುದೇ ಒಳ್ಳೆಯದು. ಕಾಮನ್‌ವೆಲ್ತ್ ಸ್ಕಾಲರ್‌ಶಿಪ್‌ಗೆ ಎರಡು ಕಡೆ ಅರ್ಜಿ ಹಾಕಬೇಕು: ಒಂದು ಲಂಡನ್ನಿನ ಆಯೋಗಕ್ಕೆ, ಇನ್ನೊಂದು ನಮ್ಮ ಕೇಂದ್ರ ಶಿಕ್ಷಣ ಸಚಿವಾಲಯಕ್ಕೆ. ಒಂದು ಕಡೆ ಹಾಕಿ ಸುಮ್ಮನೆ ಕೂತವರನ್ನು ನೋಡಿದ್ದೇನೆ. ಆಕ್ಸ್‌ಫರ್ಡ್‌ಗೆ ರೋಡ್ಸ್ ಇದೆ. ಗಿರೀಶ ಕಾರ್ನಾಡರು ಧಾರವಾಡದಿಂದ ಹೋದದ್ದು ಇದರಲ್ಲೇ. ಆದರೆ ದೇಶಕ್ಕೆಲ್ಲ ಸೇರಿ ಕೊಡುವುದು ಬೆರಳೆಣಿಕೆಯಷ್ಟು. ಸೀಟು ಕೈಗೆ ಬಂದ ಮೇಲೂ ಉಳಿಯುವ ದಾರಿಯೆಂದರೆ ವಿಶ್ವವಿದ್ಯಾಲಯಗಳ ಸ್ವಂತ ರಿಯಾಯಿತಿಗಳು ಮತ್ತು ಕನಿಷ್ಠ 10,000 ಪೌಂಡ್ ಕೊಡುವ 'ಗ್ರೇಟ್' ಸ್ಕಾಲರ್‌ಶಿಪ್. ಅವುಗಳ ಗಡುವೂ ಬೇಸಿಗೆಯೊಳಗೇ ಮುಗಿದಿರುತ್ತದೆ.

ಪರಿಶಿಷ್ಟ ಜಾತಿ, ಅಲೆಮಾರಿ ಸಮುದಾಯ, ಭೂರಹಿತ ಕೃಷಿಕಾರ್ಮಿಕ ಕುಟುಂಬಗಳವರಿಗೆ ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಇದೆ. ಕುಟುಂಬದ ವರಮಾನ ವರ್ಷಕ್ಕೆ 8 ಲಕ್ಷ ರೂಪಾಯಿ ಮೀರಬಾರದು, ಶೇ 60 ಅಂಕ ಇರಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ರಾಜ್ಯ ಸಮಾಜ ಕಲ್ಯಾಣ ಇಲಾಖೆಯ 'ಪ್ರಬುದ್ಧ' ಇದೆ. ಜಾತಿ, ಆದಾಯ ಪ್ರಮಾಣಪತ್ರಗಳನ್ನು ನಾಡಕಚೇರಿಯಿಂದ ಮೊದಲೇ ತೆಗೆಸಿಟ್ಟುಕೊಳ್ಳಿ. 1892ರಲ್ಲಿ ಶುರುವಾದ ಜೆ.ಎನ್. ಟಾಟಾ ಎಂಡೋಮೆಂಟ್ ಕೊಡುವುದು ಸಾಲದ ರೂಪದ ಸ್ಕಾಲರ್‌ಶಿಪ್, ತೀರಿಸಬೇಕು.

ಇಷ್ಟಾದ ಮೇಲೂ ಹೆಚ್ಚಿನವರು ಬ್ಯಾಂಕಿನ ಮೆಟ್ಟಿಲು ಹತ್ತಲೇಬೇಕು. ಸರ್ಕಾರಿ ಬ್ಯಾಂಕುಗಳಲ್ಲಿ 7.5 ಲಕ್ಷದವರೆಗೆ ಸಾಮಾನ್ಯವಾಗಿ ಅಡಮಾನ ಬೇಡ. ಅದಕ್ಕಿಂತ ಮೇಲೆ ಮನೆ, ಸೈಟು ಅಥವಾ ಠೇವಣಿ ಕೇಳುತ್ತಾರೆ. ಎಷ್ಟು ಎಕರೆ ತೋಟವಿದ್ದರೂ ಕೃಷಿ ಜಮೀನನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ, ಬಿ ಖಾತಾ ಸೈಟೆಂದರೆ ಮೂಗು ಮುರಿಯುತ್ತಾರೆ. ಇ.ಸಿ., ಕ್ರಯಪತ್ರ, ವಕೀಲರ ಲೀಗಲ್ ಒಪಿನಿಯನ್ ಎಂದು ಓಡಾಡುವುದರಲ್ಲೇ ವಾರಗಳು ಹೋಗುತ್ತವೆ. ಸೀಟು ಕೊಡಿಸುವ ಕನ್ಸಲ್ಟೆನ್ಸಿಯವರೇ ಸಾಲ ಕೊಡಿಸಲು ಮುಂದೆ ಬಂದರೆ, ಅದೇ ಸಾಲದ ಬಡ್ಡಿ ನಿಮ್ಮ ಊರಿನ ಬ್ಯಾಂಕಿನಲ್ಲಿ ಎಷ್ಟೆಂದು ಕೇಳದೆ ಸಹಿ ಹಾಕಬೇಡಿ.

ಇನ್ನು, ಅತಿ ಹೆಚ್ಚು ಜನ ಎಡವುವ ಜಾಗ. ವೀಸಾಕ್ಕೆ ದುಡ್ಡು ಇದ್ದರೆ ಸಾಲದು, ಖಾತೆಯಲ್ಲಿ ಸತತ 28 ದಿನ ಕೂತಿರಬೇಕು. ಎಷ್ಟು? ಒಂದು ವರ್ಷದ ಫೀಸಿನಲ್ಲಿ ಕಟ್ಟಲು ಬಾಕಿ ಇರುವುದು, ಜೊತೆಗೆ ಒಂಬತ್ತು ತಿಂಗಳ ಜೀವನವೆಚ್ಚ. 2025ರ ನವೆಂಬರ್‌ನಿಂದ ಇದು ತಿಂಗಳಿಗೆ ಲಂಡನ್ನಿನಲ್ಲಿ 1,529 ಪೌಂಡ್, ಹೊರಗೆ 1,171 ಪೌಂಡ್. ಲೀಡ್ಸ್‌ನಲ್ಲಿ ಸೀಟು, ಫೀಸು 18,000, ಅದರಲ್ಲಿ 4,000 ಕಟ್ಟಿದ್ದೀರಿ ಎನ್ನಿ. ಬಾಕಿ 14,000, ಜೀವನವೆಚ್ಚ 10,539, ಒಟ್ಟು 24,539 ಪೌಂಡ್. ಈ 28 ದಿನಗಳಲ್ಲಿ ಒಂದು ದಿನವೂ ಮೊತ್ತ ಇದಕ್ಕಿಂತ ಕೆಳಗಿಳಿಯಬಾರದು.

ಇಳಿಯುವುದು ಹೇಗೆ ಗೊತ್ತೇ? ಅಪ್ಪನ ಖಾತೆಯಲ್ಲಿ ದುಡ್ಡಿಟ್ಟು ಮಗಳು ದಿನ ಎಣಿಸುತ್ತಿರುತ್ತಾಳೆ. 19ನೇ ದಿನ ವಿಮೆಯ ಕಂತು ತಾನಾಗಿ ಕಡಿತವಾಗುತ್ತದೆ. ಮರುದಿನವೇ ಅಪ್ಪ ಅಷ್ಟನ್ನೂ ತುಂಬಿದರೂ ಎಣಿಕೆ ಮತ್ತೆ ಒಂದರಿಂದ ಶುರು. ಹಾಗಾಗಿ ಕಂತು, ಇಎಂಐ ಕಡಿತವಾಗುವ ಖಾತೆಯನ್ನು ಇದಕ್ಕೆ ಬಳಸಲೇಬೇಡಿ. ಅರ್ಜಿ ಹಾಕುವ ದಿನದ ವಿನಿಮಯ ದರದಲ್ಲಿ ಲೆಕ್ಕ ಹಾಕುವುದರಿಂದ ರೂಪಾಯಿ ಜಾರಿದರೂ ತೊಂದರೆ ಆಗದಷ್ಟು ಮೇಲುಮೊತ್ತ ಇಡಿ.

ಖಾತೆ ವಿದ್ಯಾರ್ಥಿಯದೋ ಅಪ್ಪ ಅಮ್ಮನದೋ ಆಗಿರಬೇಕು. ಅಣ್ಣ, ಸೋದರಮಾವ ಎಷ್ಟೇ ಸ್ಥಿತಿವಂತರಾಗಿದ್ದರೂ ಅವರ ಖಾತೆ ನಡೆಯದು. ಅಪ್ಪನದಾದರೆ ಒಪ್ಪಿಗೆ ಪತ್ರ, ಮಗುವಿನ ಜನನ ಪ್ರಮಾಣಪತ್ರ ಬೇಕು. ಪ್ರಮಾಣಪತ್ರ ಕನ್ನಡದಲ್ಲಿ ಮಾತ್ರ ಇದ್ದರೆ ಇಂಗ್ಲಿಷ್ ಅನುವಾದವೂ. ಪಾಸ್‌ಬುಕ್ಕಿನಲ್ಲಿ 'ಎಸ್. ಮಂಜುನಾಥ', ಮಗಳ ಪಾಸ್‌ಪೋರ್ಟಿನಲ್ಲಿ 'ಮಂಜುನಾಥ ಶಿವಪ್ಪ' ಎಂದಿದ್ದರೆ ಈಗಲೇ ಸರಿಪಡಿಸಿಕೊಳ್ಳಿ. ಇನಿಷಿಯಲ್ ನಮಗೆ ಸಹಜ, ವೀಸಾ ಅಧಿಕಾರಿಗಲ್ಲ. ತಕ್ಷಣ ತೆಗೆಯಬಹುದಾದ ಎಫ್‌ಡಿ ನಡೆಯುತ್ತದೆ. ಪಿಎಫ್, ಷೇರು, ಚಿನ್ನ, ಪಹಣಿ ಯಾವುದೂ ನಡೆಯದು. ಬ್ಯಾಂಕ್ ಸ್ಟೇಟ್‌ಮೆಂಟಿನ ಕೊನೆಯ ದಿನಾಂಕ ಅರ್ಜಿಗೆ 31 ದಿನಕ್ಕಿಂತ ಹಳತಾಗಿರಬಾರದು.

ಶಿಕ್ಷಣ ಸಾಲಕ್ಕೆ ಈ 28 ದಿನದ ಕಟ್ಟು ಇಲ್ಲ. ಮಂಜೂರಾತಿ ಪತ್ರ ಸಾಕು. ಆದರೆ ಅದು ವಿದ್ಯಾರ್ಥಿಯ ಹೆಸರಿನಲ್ಲಿರಬೇಕು, ಆರು ತಿಂಗಳೊಳಗಿನದಾಗಿರಬೇಕು. 'ದಾಖಲೆಗಳ ಪರಿಶೀಲನೆಗೆ ಒಳಪಟ್ಟು' ಎಂಬಂಥ ಷರತ್ತುಗಳೂ ಇರಬಾರದು. 'ತಾತ್ವಿಕ ಒಪ್ಪಿಗೆ' ಎಂಬ ಪತ್ರ ಹಿಡಿದು ಹೋಗಬೇಡಿ.

ಉಳಿದದ್ದು ಚುಟುಕಾಗಿ. ಆರೋಗ್ಯ ಸರ್‌ಚಾರ್ಜ್ ವರ್ಷಕ್ಕೆ 776 ಪೌಂಡ್. ಒಂದು ವರ್ಷದ ಕೋರ್ಸಿನ ವೀಸಾ ಹೆಚ್ಚು ಅವಧಿಯದಾದ್ದರಿಂದ ಕಟ್ಟಬೇಕಾದದ್ದು 1,164. ತರಗತಿ ನಡೆಯುವಾಗ ಕೆಲಸ ವಾರಕ್ಕೆ 20 ಗಂಟೆ ಮಾತ್ರ, ಆ ಸಂಬಳವನ್ನು ವೀಸಾ ಲೆಕ್ಕಕ್ಕೆ ಹಿಡಿಯುವಂತಿಲ್ಲ. ಸಾಲದ ಬಡ್ಡಿಗೆ 80ಇ ವಿನಾಯಿತಿ ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ. ಸ್ವಂತ ದುಡ್ಡು ಕಳಿಸುವಾಗ ಟಿಸಿಎಸ್ ಕಡಿತವಾಗಿದ್ದರೆ ರಿಟರ್ನ್ಸ್‌ನಲ್ಲಿ ಕೇಳಿ ಪಡೆಯಿರಿ.