ರೂಮಿನ ಬಾಡಿಗೆಯಲ್ಲಿ ಪಾರ್ಕಿನ ಟಿಕೆಟ್ ಸೇರಿದೆಯೇ?

ಸೊನ್ನದ ಸಹೋದರಿಗೆ,

ಮಕ್ಕಳು, ಅತ್ತೆಯವರ ಜೊತೆ ಬಿಡದಿಯ ವಂಡರ್‌ಲಾ ರಿಸಾರ್ಟ್‌ನಲ್ಲಿ ಒಂದು ರಾತ್ರಿ ಉಳಿಯುವ ಆಸೆ ನಿಮ್ಮದು. ಅಲ್ಲಿನ ಮನರಂಜನಾ ಪಾರ್ಕ್ 2005ರಿಂದ ಇದೆ, ರಿಸಾರ್ಟ್ ಆಮೇಲೆ ಬಂದದ್ದು. ಅಲ್ಲೇ ಉಳಿದರೆ ಸುಸ್ತಾದ ಮಕ್ಕಳನ್ನು ಎಳೆದುಕೊಂಡು ಸಂಜೆ ಬೆಂಗಳೂರಿನ ಟ್ರಾಫಿಕ್ಕಿಗೆ ಬೀಳಬೇಕಿಲ್ಲ. ನನ್ನ ಪ್ರಕಾರ ಕೊಡುವ ದುಡ್ಡು ಅದಕ್ಕೇ.

ಕಲಬುರಗಿಯಿಂದ ರಾತ್ರಿ ರೈಲು ಹತ್ತಿದರೆ ಬೆಳಿಗ್ಗೆ ಬೆಂಗಳೂರಿನಲ್ಲಿ ಇಳಿಯುತ್ತೀರಿ. ಇಂಥ ಹೋಟೆಲ್‌ಗಳಲ್ಲಿ ರೂಮು ಸಿಗುವುದು ಸಾಮಾನ್ಯವಾಗಿ ಮಧ್ಯಾಹ್ನ. ಬ್ಯಾಗುಗಳನ್ನು ರಿಸೆಪ್ಷನ್‌ನಲ್ಲಿ ಬಿಟ್ಟು ಪಾರ್ಕಿಗೆ ನಡೆಯಿರಿ. ದೊಡ್ಡವರೆಲ್ಲರ ಆಧಾರ್ ಕಾರ್ಡ್ ಕೈಗೆ ಸಿಗುವಂತಿರಲಿ.

ಬೀಗದ ಕೈ ಬದಲು ಕಾರ್ಡ್ ಕೊಟ್ಟರೆ ಗಾಬರಿಯಾಗಬೇಡಿ. ಒಳಗೆ ಬಾಗಿಲ ಪಕ್ಕದ ಸಂದಿಯಲ್ಲಿ ಅದನ್ನು ಸಿಕ್ಕಿಸಿದರೇ ಲೈಟು, ಫ್ಯಾನು. ಫ್ರಿಜ್‌ನೊಳಗಿನ ಚಾಕೊಲೇಟ್ ಪುಕ್ಕಟೆಯಲ್ಲ, ಮಕ್ಕಳಿಗೆ ಮೊದಲೇ ಹೇಳಿಬಿಡಿ.

ನಿಮ್ಮೂರಿನ ಭೀಮಾ ನದಿಯಲ್ಲಿ ಚಡ್ಡಿ, ಬನಿಯನ್‌ನಲ್ಲೇ ಈಜಿದ ಹುಡುಗರಿಗೂ ಪಾರ್ಕಿನ ನೀರಾಟಕ್ಕೆ ನೈಲಾನ್ ಉಡುಪೇ ಬೇಕು; ಹತ್ತಿ ಬಟ್ಟೆ, ಸೀರೆ ನೀರಿಗೆ ನಡೆಯದು. ಊರಲ್ಲೇ ಕೊಂಡರೆ ಅಗ್ಗ. ಎತ್ತರವನ್ನೂ ಅಳೆದುಕೊಳ್ಳಿ: ದೊಡ್ಡ ರೈಡ್‌ಗಳಲ್ಲಿ ಹಲವಕ್ಕೆ 140 ಸೆಂ.ಮೀ. ಇರಬೇಕು. ಕಿರಿಯವನು ಗೇಟಿನಲ್ಲಿ ಅಳುವುದು ಇದೇ ಕಾರಣಕ್ಕೆ.

ಅತ್ತೆಯವರಿಗೆ ಬಫೆ ಊಟ ಸೇರದಿದ್ದರೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ ರೂಮಿನಲ್ಲಿರಲಿ. ಪಾರ್ಕಿನೊಳಗೆ ಹೊರಗಿನ ತಿಂಡಿ ಬಿಡುವುದಿಲ್ಲ.

ಬುಕ್ ಮಾಡುವಾಗ ರೂಮಿನ ಬಾಡಿಗೆಯಲ್ಲಿ ಪಾರ್ಕಿನ ಟಿಕೆಟ್, ತಿಂಡಿ ಸೇರಿವೆಯೇ ಎಂದು ಬಾಯಿಬಿಟ್ಟು ಕೇಳಿ. ಶನಿವಾರ, ಭಾನುವಾರ ಬೇಡ. ಒಂದು ರೈಡಿಗೆ ನಿಂತ ಸಾಲಿನಲ್ಲೇ ಮಧ್ಯಾಹ್ನ ಕಳೆದೀತು.